ತವರಿಗೆ ಮರಳಿದ ತಾರೆ

ಹೊರನಾಡಿನಲ್ಲಿ ಹೆಸರು ಮಾಡಿದವರು ಊರಿಗೆ ಮರಳಿದರೆ, ಅಲ್ಲಿ ಬೇಳೆ ಬೇಯಲಿಲ್ಲ, ಅದಕ್ಕೇ ಬಂದರು ಎನ್ನುವುದು ಲೋಕರೂಢಿ. ಮೆಕ್ಸಿಕೋದ ಚಿತ್ರನಟಿ ಡೊಲೊರೆಸ್ ಡೆಲ್ ರಿಯೊ ಅವರ ಬಗೆಗೂ ಇಂಥ ಮಾತುಂಟು. ನಾವಿದನ್ನು ಒಪ್ಪಲಾರೆವು.

1904ರಲ್ಲಿ ಡುರಾಂಗೊದ ಸಿರಿವಂತ ಮನೆತನದಲ್ಲಿ ಹುಟ್ಟಿದ ಈಕೆ 1925ರಲ್ಲಿ ಹಾಲಿವುಡ್ ಸೇರಿದರು. ಅದು ಮೂಕಿಚಿತ್ರಗಳ ಕಾಲ; ನಟಿಯ ಮನೆಮಾತು ಯಾವುದೆಂದು ಪರದೆ ಕೇಳುತ್ತಿರಲಿಲ್ಲ. ಬೇಗನೆ ತಾರೆಯಾದರು. ಆದರೆ ದೊರೆತ ಪಾತ್ರಗಳು ಎಂಥವು? ಟಾಲ್‌ಸ್ಟಾಯ್ ಕಾದಂಬರಿಯನ್ನಾಧರಿಸಿದ 'ರಿಸರೆಕ್ಷನ್' (1927) ಚಿತ್ರದಲ್ಲಿ ರಷ್ಯದ ಹಳ್ಳಿಯ ಹುಡುಗಿ. 'ಬರ್ಡ್ ಆಫ್ ಪ್ಯಾರಡೈಸ್' (1932) ಚಿತ್ರದಲ್ಲಿ ಪಾಲಿನೇಷ್ಯದ ದ್ವೀಪಕನ್ಯೆ. 'ಫ್ಲೈಯಿಂಗ್ ಡೌನ್ ಟು ರಿಯೊ' (1933) ಚಿತ್ರದಲ್ಲಿ ಬ್ರೆಜಿಲಿನ ಚೆಲುವೆ. ಯಾವ ದೇಶದವಳಾದರೂ ಸರಿ, ಪರಕೀಯಳಾಗಿದ್ದರೆ ಸಾಕು! ಮಾತಿನ ಚಿತ್ರಗಳು ಬಂದ ಮೇಲೆ ಉಚ್ಚಾರಣೆಯೂ ಬೇಲಿಯಾಯಿತು. ರೂಪಕ್ಕೆ ಸಂದ ಮನ್ನಣೆ ಅಭಿನಯಕ್ಕೆ ಸಲ್ಲಲಿಲ್ಲ.

ನಲವತ್ತರ ಹೊಸ್ತಿಲಲ್ಲಿ ಅವರು ತಾಯ್ನುಡಿಯ ಚಿತ್ರರಂಗಕ್ಕೆ ಕಾಲಿಟ್ಟರು. ಎಮಿಲಿಯೊ ಫೆರ್ನಾಂಡಿಸ್ ನಿರ್ದೇಶನ, ಗೇಬ್ರಿಯಲ್ ಫಿಗೆರೋವಾ ಅವರ ಛಾಯಾಗ್ರಹಣದಲ್ಲಿ 1943ರಲ್ಲಿ ಬಂದ 'ಫ್ಲೋರ್ ಸಿಲ್ವೆಸ್ತ್ರೆ' ಅವರ ಮೊದಲ ಮೆಕ್ಸಿಕನ್ ಚಿತ್ರ. ಅದೇ ತಂಡದ 'ಮರಿಯಾ ಕಾಂಡೆಲಾರಿಯಾ' 1946ರ ಕಾನ್ ಚಿತ್ರೋತ್ಸವದಲ್ಲಿ ಅತ್ಯುನ್ನತ ಪ್ರಶಸ್ತಿ ಪಡೆಯಿತು. ಆ ಪ್ರಶಸ್ತಿಯನ್ನು ಹಂಚಿಕೊಂಡ ಚಿತ್ರಗಳಲ್ಲಿ ನಮ್ಮ ದೇಶದ ಚೇತನ್ ಆನಂದರ 'ನೀಚಾ ನಗರ್' ಸಹ ಇತ್ತೆಂಬುದು ನಮಗೂ ಹೆಮ್ಮೆಯ ಸಂಗತಿ.

ಸಿರಿವಂತರ ಮಗಳು ಮೂಲನಿವಾಸಿ ಬಡಹೆಣ್ಣಾಗಿ ನಟಿಸಿದ್ದು ಸಹಜವೇ ಎಂದು ಕೇಳಬಹುದು. ಪ್ರಶ್ನೆ ನ್ಯಾಯವಾದುದೇ. ಆದರೂ ಆ ಪಾತ್ರಕ್ಕೊಂದು ಊರಿತ್ತು, ನೋವಿತ್ತು, ಮಾನವಿತ್ತು. ಬರಿಯ ಅಲಂಕಾರದ ಗೊಂಬೆಯಾಗಿರಲಿಲ್ಲ.

1960ರಲ್ಲಿ 'ಫ್ಲೇಮಿಂಗ್ ಸ್ಟಾರ್' ಚಿತ್ರಕ್ಕಾಗಿ ಹಾಲಿವುಡ್ ಮತ್ತೆ ಕರೆಯಿತು. ಕೊಟ್ಟದ್ದು ಎಲ್ವಿಸ್ ಪ್ರೀಸ್ಲಿಯ ತಾಯಿಯಾದ ಕಯೋವಾ ಬುಡಕಟ್ಟಿನ ಹೆಂಗಸಿನ ಪಾತ್ರ. ಮೂರು ದಶಕ ಕಳೆದರೂ ಅಲ್ಲಿಯವರ ದೃಷ್ಟಿ ಬದಲಾಗಿರಲಿಲ್ಲ. ಬದಲಾದದ್ದು ನಟಿಯ ಸ್ಥಾನ: ಈ ಬಾರಿ ಅವರು ಅವಕಾಶ ಬೇಡಿ ಹೋದವರಲ್ಲ, ಸ್ವಂತ ನೆಲೆಯಿದ್ದು ಹೋದ ಅತಿಥಿ.

ಹಾಲಿವುಡ್ಡಿನಲ್ಲಿ ಅವಕಾಶಗಳು ಕಡಿಮೆಯಾದದ್ದು ನಿಜ. ಆದರೆ ಮರಳಲು ಕಾರಣವೇನೆಂಬುದಕ್ಕಿಂತ ಮರಳಿ ಏನು ಮಾಡಿದರೆಂಬುದೇ ಮುಖ್ಯ. 1983ರಲ್ಲಿ ತೀರಿಕೊಂಡ ಈ ಕಲಾವಿದೆಗೆ ಪರನಾಡು ಕೀರ್ತಿ ಕೊಟ್ಟಿತು. ಪಾತ್ರ ಕೊಟ್ಟದ್ದು ತವರು. ಅದನ್ನು ಸೋಲೆಂದು ಕರೆಯುವುದು ಅನ್ಯಾಯವೆಂದೇ ನಮ್ಮ ಅಭಿಪ್ರಾಯ.