ಬಹುಕುಟುಂಬ ವಸತಿ ಕಟ್ಟಡಗಳು, ವಲಯ ನಿಯಮಾವಳಿ ಮತ್ತು ಸ್ವಾಧೀನಾನುಭವ ಪತ್ರ: ಒಂದು ವಿಶ್ಲೇಷಣೆ

ಬೆಂಗಳೂರು ನಗರದಲ್ಲಿ ಸಣ್ಣ ನಿವೇಶನಗಳಲ್ಲಿ ಬಾಡಿಗೆ ಮನೆಗಳನ್ನು ನಿರ್ಮಿಸಿದವರು ಹಾಗೂ ವಸತಿ ಸಮುಚ್ಚಯಗಳಲ್ಲಿ ಫ್ಲ್ಯಾಟ್ ಖರೀದಿಸಿದವರು ಇತ್ತೀಚೆಗೆ ಒಂದೇ ಪ್ರಶ್ನೆಯನ್ನು ಕೇಳುತ್ತಿದ್ದಾರೆ. ಕಟ್ಟಡ ಪೂರ್ಣಗೊಂಡಿದೆ, ಆಸ್ತಿ ತೆರಿಗೆಯನ್ನೂ ಪಾವತಿಸಲಾಗುತ್ತಿದೆ. ಹೀಗಿದ್ದೂ ವಿದ್ಯುತ್ ಸಂಪರ್ಕ ಏಕೆ ದೊರೆಯುತ್ತಿಲ್ಲ ಎಂಬುದೇ ಆ ಪ್ರಶ್ನೆ. ಇದಕ್ಕೆ ಉತ್ತರ ವಿದ್ಯುತ್ ಕಛೇರಿಯಲ್ಲಿಲ್ಲ. ಅದು ಕಟ್ಟಡದ ಬುನಾದಿ ಹಾಕುವ ಮೊದಲೇ ಅನ್ವಯವಾಗಬೇಕಿದ್ದ ವಲಯ ನಿಯಮಾವಳಿಯಲ್ಲಿದೆ.

ಸರ್ವೋಚ್ಚ ನ್ಯಾಯಾಲಯವು 2024ರ ಡಿಸೆಂಬರ್ 17ರಂದು ಉತ್ತರ ಪ್ರದೇಶದ ಮೀರತ್ ನಗರದ ಪ್ರಕರಣವೊಂದರಲ್ಲಿ ತೀರ್ಪು ನೀಡಿ, ಇಡೀ ದೇಶಕ್ಕೆ ಅನ್ವಯವಾಗುವ ಹಲವು ನಿರ್ದೇಶನಗಳನ್ನು ಹೊರಡಿಸಿತು. ಮಂಜೂರಾದ ನಕ್ಷೆಯನ್ನು ನಿರ್ಮಾಣ ಸ್ಥಳದಲ್ಲಿ ಪ್ರದರ್ಶಿಸಬೇಕು. ಸ್ವಾಧೀನಾನುಭವ ಪತ್ರ ದೊರೆತ ನಂತರವೇ ಕಟ್ಟಡವನ್ನು ಮಾಲೀಕರಿಗೆ ಹಸ್ತಾಂತರಿಸಬೇಕು. ವಿದ್ಯುತ್, ನೀರು ಹಾಗೂ ಒಳಚರಂಡಿ ಸಂಪರ್ಕಗಳನ್ನು ಈ ಪತ್ರವನ್ನು ಹಾಜರುಪಡಿಸಿದ ಬಳಿಕವೇ ನೀಡಬೇಕು. ಬ್ಯಾಂಕುಗಳು ಸಹ ಇದನ್ನು ಪರಿಶೀಲಿಸಿಯೇ ಸಾಲ ಮಂಜೂರು ಮಾಡಬೇಕು ಎಂಬುವು ಅವುಗಳಲ್ಲಿ ಮುಖ್ಯವಾದವು. ಇದರ ಫಲವಾಗಿ 2025ರಲ್ಲಿ ರಾಜ್ಯದ ವಿದ್ಯುತ್ ಸರಬರಾಜು ಕಂಪನಿಗಳು ಸ್ವಾಧೀನಾನುಭವ ಪತ್ರವಿಲ್ಲದ ಕಟ್ಟಡಗಳಿಗೆ ಹೊಸ ಕಾಯಂ ಸಂಪರ್ಕ ನೀಡುವುದನ್ನು ನಿಲ್ಲಿಸಿದವು. ಮೊದಲು ಕಟ್ಟುವುದು, ನಂತರ ಸಂಪರ್ಕ ಪಡೆಯುವುದು, ಕಾಗದಪತ್ರವನ್ನು ಮುಂದೆ ಎಂದಾದರೂ ಸರಿಪಡಿಸಿಕೊಳ್ಳುವುದು ಎಂಬ ದಶಕಗಳ ರೂಢಿಗೆ ಇಲ್ಲಿ ತಡೆ ಬಿದ್ದಿತು.

ನಿಯಮ ಉಲ್ಲಂಘನೆ ಎಲ್ಲಿಂದ ಆರಂಭವಾಗುತ್ತದೆ ಎಂಬುದನ್ನು ಲೆಕ್ಕದ ಮೂಲಕ ತಿಳಿಯುವುದು ಸುಲಭ. ಕರ್ನಾಟಕ ನಗರ ಮತ್ತು ಗ್ರಾಮಾಂತರ ಯೋಜನಾ ಅಧಿನಿಯಮ, 1961ರ ಅಡಿಯಲ್ಲಿ 2007ರಲ್ಲಿ ಅನುಮೋದನೆಗೊಂಡ ಪರಿಷ್ಕೃತ ಮಹಾಯೋಜನೆ 2015 ನಗರದ ವಲಯ ನಿಯಮಗಳಿಗೆ ಆಧಾರ. (2031ರ ಮಹಾಯೋಜನೆಯ ಕರಡು 2017ರಲ್ಲಿ ಪ್ರಕಟವಾಯಿತಾದರೂ ಅಂತಿಮ ಅನುಮೋದನೆ ಪಡೆಯಲಿಲ್ಲ.) ಈ ಯೋಜನೆಯ ಮೂಲ ಪಟ್ಟಿಯಂತೆ 360 ಚದರ ಮೀಟರ್‌ವರೆಗಿನ ವಸತಿ ನಿವೇಶನಕ್ಕೆ ಎಫ್.ಎ.ಆರ್., ಅಂದರೆ ನಿವೇಶನದ ವಿಸ್ತೀರ್ಣಕ್ಕೂ ಎಲ್ಲ ಅಂತಸ್ತುಗಳ ಒಟ್ಟು ವಿಸ್ತೀರ್ಣಕ್ಕೂ ಇರುವ ಅನುಪಾತ, 1.75. ಮೂವತ್ತು ಅಡಿ ಅಗಲ, ನಲವತ್ತು ಅಡಿ ಉದ್ದದ ನಿವೇಶನ 1,200 ಚದರ ಅಡಿ. ಅದರಲ್ಲಿ ಕಟ್ಟಬಹುದಾದದ್ದು ಒಟ್ಟು 2,100 ಚದರ ಅಡಿ. ಒಂದೊಂದು ಅಂತಸ್ತಿಗೆ 700 ಚದರ ಅಡಿಯಂತೆ ಮೂರು ಅಂತಸ್ತು ಕಟ್ಟಿದರೆ ಲೆಕ್ಕ ಸರಿಹೋಗುತ್ತದೆ. ಆದರೆ ಅಕ್ಕಪಕ್ಕ ಬಿಡಬೇಕಾದ ತೆರೆದ ಜಾಗವನ್ನು ನುಂಗಿ, ಅಂತಸ್ತಿಗೆ ಸಾವಿರ ಚದರ ಅಡಿಯಂತೆ ನಾಲ್ಕು ಅಂತಸ್ತು ಏರಿಸಿದಲ್ಲಿ ವಿಸ್ತೀರ್ಣ ಸುಮಾರು ಎರಡು ಪಟ್ಟಾಗುತ್ತದೆ. ನಗರದ ಯಾವ ಬಡಾವಣೆಯಲ್ಲಿ ನಡೆದಾಡಿದರೂ ಇಂತಹ ಕಟ್ಟಡಗಳು ಕಣ್ಣಿಗೆ ಬೀಳುತ್ತವೆ. ನಕ್ಷೆಯಲ್ಲಿ ಮಾತ್ರ ಅವು ಮೂರೇ ಅಂತಸ್ತಿನವು.

ದೊಡ್ಡ ನಿವೇಶನಗಳಲ್ಲಿ ರಸ್ತೆಯ ಅಗಲವೂ ಲೆಕ್ಕಕ್ಕೆ ಬರುತ್ತದೆ. 4,000 ಚದರ ಮೀಟರ್ ಮೀರಿದ ನಿವೇಶನ 30 ಮೀಟರ್‌ಗಿಂತ ಅಗಲವಾದ ರಸ್ತೆಗೆ ಹೊಂದಿಕೊಂಡಿದ್ದರೆ ಮೂಲ ಪಟ್ಟಿಯಂತೆ ಅನುಪಾತ 3.25ರವರೆಗೆ ಏರುತ್ತದೆ. ಅಷ್ಟೇ ನಿವೇಶನ ಕಿರಿದಾದ ರಸ್ತೆಯಲ್ಲಿದ್ದರೆ ಆ ರಸ್ತೆಗೆ ನಿಗದಿಯಾದ ಕಡಿಮೆ ಅನುಪಾತವೇ ಅನ್ವಯಿಸುತ್ತದೆ. ಇದರ ಹಿಂದಿನ ತರ್ಕವನ್ನು ಅರ್ಜಿದಾರರು ಗಮನಿಸಬೇಕು. ಇನ್ನೂರು ಕುಟುಂಬಗಳ ವಾಹನಗಳು, ನೀರಿನ ಟ್ಯಾಂಕರುಗಳು ಹಾಗೂ ಅಗತ್ಯ ಬಿದ್ದಾಗ ಅಗ್ನಿಶಾಮಕ ವಾಹನ, ಇವೆಲ್ಲವೂ ಅದೇ ರಸ್ತೆಯಲ್ಲಿ ಬರಬೇಕಾಗುತ್ತದೆ. ಎತ್ತರ ಹೆಚ್ಚಿದಂತೆ ಸುತ್ತಲೂ ಬಿಡಬೇಕಾದ ಸೆಟ್‌ಬ್ಯಾಕ್ ಹೆಚ್ಚುವುದೂ ಇದೇ ಕಾರಣಕ್ಕೆ. ಈ ಪ್ರಮಾಣಗಳು ಕಾಲಕಾಲಕ್ಕೆ ತಿದ್ದುಪಡಿಯಾಗುವುದರಿಂದ, ನಕ್ಷೆ ಸಿದ್ಧಪಡಿಸುವ ಮುನ್ನ ಇತ್ತೀಚಿನ ಅಧಿಸೂಚನೆಯನ್ನು ಸಂಬಂಧಪಟ್ಟ ಪಾಲಿಕೆಯಲ್ಲಿ ಖಚಿತಪಡಿಸಿಕೊಳ್ಳತಕ್ಕದ್ದು.

ಕೆರೆ ಮತ್ತು ರಾಜಕಾಲುವೆಗಳ ಬಳಿಯ ನಿವೇಶನಗಳ ವಿಷಯದಲ್ಲಿ ಗೊಂದಲ ಹೆಚ್ಚು. ರಾಷ್ಟ್ರೀಯ ಹಸಿರು ನ್ಯಾಯಮಂಡಳಿ 2016ರಲ್ಲಿ ಕೆರೆಗಳಿಗೆ 75 ಮೀಟರ್ ಕಾಪು ವಲಯವನ್ನು ವಿಧಿಸಿತ್ತು. 2019ರ ಮಾರ್ಚ್‌ನಲ್ಲಿ ಸರ್ವೋಚ್ಚ ನ್ಯಾಯಾಲಯವು ಅದನ್ನು ರದ್ದುಪಡಿಸಿ ಮಹಾಯೋಜನೆಯ ಅಳತೆಗಳನ್ನೇ ಎತ್ತಿಹಿಡಿಯಿತು. ಅದರಂತೆ ಕೆರೆಗೆ 30 ಮೀಟರ್. ಪ್ರಥಮ, ದ್ವಿತೀಯ ಹಾಗೂ ತೃತೀಯ ದರ್ಜೆಯ ಕಾಲುವೆಗಳಿಗೆ ಕ್ರಮವಾಗಿ 50, 25 ಮತ್ತು 15 ಮೀಟರ್. ನಿವೇಶನ ಖರೀದಿಗೆ ಮೊದಲು ಗ್ರಾಮ ನಕ್ಷೆಯನ್ನು ನೋಡುವುದು ಲೇಸು. ನೀರು ಹರಿಯದ ಕಾಲುವೆಯೂ ನಕ್ಷೆಯಲ್ಲಿ ಕಾಲುವೆಯೇ.

ಉಲ್ಲಂಘನೆಯನ್ನು ದಂಡ ತೆತ್ತು ಸಕ್ರಮಗೊಳಿಸಿಕೊಳ್ಳಬಹುದು ಎಂಬ ನಿರೀಕ್ಷೆ ಅನೇಕರಲ್ಲಿದೆ. ವಸತಿ ಕಟ್ಟಡಗಳಲ್ಲಿ ಶೇಕಡ 50ರವರೆಗಿನ ಉಲ್ಲಂಘನೆಯನ್ನು ಸಕ್ರಮಗೊಳಿಸುವ ನಿಯಮಗಳನ್ನು ಸರ್ಕಾರ 2014ರಲ್ಲಿ ರೂಪಿಸಿತು. ಉಚ್ಚ ನ್ಯಾಯಾಲಯವು 2016ರ ಡಿಸೆಂಬರ್‌ನಲ್ಲಿ ಅವುಗಳನ್ನು ಎತ್ತಿಹಿಡಿದ ಮರು ತಿಂಗಳೇ ಸರ್ವೋಚ್ಚ ನ್ಯಾಯಾಲಯ ತಡೆಯಾಜ್ಞೆ ನೀಡಿತು. ಆದ್ದರಿಂದ ಇಂತಹ ಯೋಜನೆಯನ್ನು ನಂಬಿ ಹೆಚ್ಚುವರಿ ಅಂತಸ್ತು ಕಟ್ಟುವುದು ವಿವೇಕವಲ್ಲ. ‘ಬಿ’ ಖಾತಾ ಇರುವುದಾಗಲಿ, ತೆರಿಗೆ ರಸೀದಿ ಇರುವುದಾಗಲಿ ಕಟ್ಟಡವನ್ನು ಸಕ್ರಮಗೊಳಿಸುವುದಿಲ್ಲ.

ಅದೇ ಸಮಯದಲ್ಲಿ, ಈ ವ್ಯವಸ್ಥೆಯ ಹೊರೆ ಯಾರ ಮೇಲೆ ಬೀಳುತ್ತಿದೆ ಎಂಬುದನ್ನು ಮರೆಯಲಾಗದು. ನಕ್ಷೆ ಮೀರಿ ಕಟ್ಟಿದವರು ಹಣ ಪಡೆದು ಹೊರಟುಹೋಗಿರುತ್ತಾರೆ. ಸಾಲದ ಕಂತು ಕಟ್ಟುತ್ತಾ ತಾತ್ಕಾಲಿಕ ವಿದ್ಯುತ್ತಿಗೆ ಹೆಚ್ಚಿನ ದರ ತೆರುವವರು ಖರೀದಿದಾರರು. ಬುನಾದಿ ಹಂತದಲ್ಲಿಯೇ ತಪಾಸಣೆ ನಡೆದಿದ್ದರೆ ಇವರಲ್ಲಿ ಬಹುಪಾಲು ಜನರಿಗೆ ಈ ಸಂಕಷ್ಟ ಬರುತ್ತಿರಲಿಲ್ಲ. 2024ರ ಅಕ್ಟೋಬರ್‌ನಲ್ಲಿ ಬಾಬುಸಾಪಾಳ್ಯದಲ್ಲಿ ನಿರ್ಮಾಣ ಹಂತದ ಕಟ್ಟಡ ಕುಸಿದು ಹಲವು ಕಾರ್ಮಿಕರು ಮೃತಪಟ್ಟಾಗ, ಅನುಮತಿ ಮೀರಿ ಅಂತಸ್ತುಗಳನ್ನು ಏರಿಸಲಾಗಿತ್ತೆಂಬುದು ಬೆಳಕಿಗೆ ಬಂದದ್ದು ಕಟ್ಟಡ ನೆಲಕ್ಕುರುಳಿದ ಮೇಲೆ.

ಸಣ್ಣ ನಿವೇಶನದಾರರಿಗೆ 2025ರ ಅಕ್ಟೋಬರ್‌ನಲ್ಲಿ ಸರ್ಕಾರ ಸ್ವಲ್ಪ ವಿನಾಯಿತಿ ನೀಡಿತು. 1,200 ಚದರ ಅಡಿವರೆಗಿನ ನಿವೇಶನದಲ್ಲಿ ನೆಲ ಅಂತಸ್ತು ಹಾಗೂ ಮೇಲೆ ಎರಡು ಅಂತಸ್ತು, ಅಥವಾ ಸ್ಟಿಲ್ಟ್ ಹಾಗೂ ಮೂರು ಅಂತಸ್ತಿನ ವಾಸದ ಕಟ್ಟಡಗಳಿಗೆ ಸ್ವಾಧೀನಾನುಭವ ಪತ್ರದಿಂದ ವಿನಾಯಿತಿ ನೀಡಲು ತೀರ್ಮಾನಿಸಲಾಯಿತು. ಇದು ನಕ್ಷೆ ಮಂಜೂರಾತಿಯಿಂದ ವಿನಾಯಿತಿಯಲ್ಲ. ಎರಡನ್ನೂ ಒಂದೇ ಎಂದು ಭಾವಿಸಿ ಅರ್ಜಿ ಸಲ್ಲಿಸುವುದು ಸರಿಯಲ್ಲ.

ಫ್ಲ್ಯಾಟ್ ಖರೀದಿಸುವವರು ಇನ್ನೂ ಕೆಲವು ವಿಷಯಗಳನ್ನು ಪರಿಶೀಲಿಸಬೇಕು. ರಿಯಲ್ ಎಸ್ಟೇಟ್ ಅಧಿನಿಯಮ, 2016ರಂತೆ 500 ಚದರ ಮೀಟರ್‌ಗಿಂತ ಹೆಚ್ಚಿನ ಜಮೀನಿನ ಅಥವಾ ಎಂಟಕ್ಕಿಂತ ಹೆಚ್ಚು ಫ್ಲ್ಯಾಟ್‌ಗಳ ಯೋಜನೆಗಳನ್ನು ರೇರಾ ಪ್ರಾಧಿಕಾರದಲ್ಲಿ ನೋಂದಾಯಿಸುವುದು ಕಡ್ಡಾಯ. ಒಟ್ಟು ನಿರ್ಮಾಣ 20,000 ಚದರ ಮೀಟರ್ ಅಥವಾ ಅದಕ್ಕಿಂತ ಹೆಚ್ಚಾದಲ್ಲಿ 2006ರ ಅಧಿಸೂಚನೆಯಂತೆ ಪರಿಸರ ಅನುಮತಿಯೂ ಬೇಕು. ಬೆಂಗಳೂರಿನಲ್ಲಿ 2025ರ ಸೆಪ್ಟೆಂಬರ್‌ನಲ್ಲಿ ಐದು ನಗರ ಪಾಲಿಕೆಗಳು ರಚನೆಯಾದ ಕಾರಣ, ಹಿಂದಿನ ಮಹಾನಗರ ಪಾಲಿಕೆಯ ಕಡತ ಸಂಖ್ಯೆಯಿರುವ ಅರ್ಜಿದಾರರು ತಮ್ಮ ಸ್ವತ್ತು ಯಾವ ಪಾಲಿಕೆಗೆ ಸೇರಿದೆ ಎಂಬುದನ್ನು ಮೊದಲು ತಿಳಿದುಕೊಳ್ಳಬೇಕು. ದೊಡ್ಡ ಸಮುಚ್ಚಯಗಳಲ್ಲಿ ಬ್ಲಾಕುವಾರು ಭಾಗಶಃ ಸ್ವಾಧೀನಾನುಭವ ಪತ್ರ ನೀಡುವ ಪದ್ಧತಿಯಿದೆ. ನಿರ್ಮಾಣದಾರರು ತೋರಿಸುವ ಪತ್ರದಲ್ಲಿ ತಾವು ಖರೀದಿಸುವ ಬ್ಲಾಕ್ ಮತ್ತು ಅಂತಸ್ತು ನಮೂದಾಗಿದೆಯೇ ಎಂಬುದನ್ನು ಮುಂಗಡ ಹಣ ಪಾವತಿಸುವ ಮೊದಲೇ ಓದಿಕೊಳ್ಳತಕ್ಕದ್ದು.