ನೇತಾಜಿ ಹತ್ತಿದ ಸಬ್‌ಮರೀನ್‌ನ ಕೆಲಸ ಏನಾಗಿತ್ತು? (ಯುದ್ಧದ ಸರಕು, ಭಾಗ 6)

ಮೊದಲ ಫೋಟೋ ನೋಡಿ. ಜಪಾನೀ ನಾವಿಕರ ಜೊತೆ ಸುಭಾಷ್ ಚಂದ್ರ ಬೋಸ್. 1943ರ ಏಪ್ರಿಲ್ ಕೊನೆಯ ವಾರ. ಮಡಗಾಸ್ಕರ್ ಹತ್ತಿರ, ಅಲೆ ಏಳುತ್ತಿದ್ದ ಸಮುದ್ರದಲ್ಲಿ, ಜರ್ಮನಿಯ ಯು-180ರಿಂದ ಜಪಾನಿನ ಐ-29ಕ್ಕೆ ಅವರು ಮತ್ತು ಅಬಿದ್ ಹಸನ್ ರಬ್ಬರ್ ದೋಣಿಯಲ್ಲಿ ದಾಟಿದರು. ಈ ಕಥೆ ನಿಮಗೆ ಗೊತ್ತೇ ಇರುತ್ತೆ. ಶಾಲೆಯಿಂದಲೂ ಸಾಹಸದ ಕಥೆ ಅಂತಲೇ ಓದಿದ್ದೇವೆ.

ಆದ್ರೆ ಅದೇ ದಿನಗಳಲ್ಲಿ ಐ-29ರಿಂದ ಯು-180ಕ್ಕೆ ಏನು ಹೋಯ್ತು ಗೊತ್ತಾ? ಸುಮಾರು ಎರಡು ಟನ್ ಚಿನ್ನ. ಜೊತೆಗೆ ಇಬ್ಬರು ಜಪಾನೀ ನೌಕಾ ಅಧಿಕಾರಿಗಳು. ಅವರಲ್ಲಿ ಒಬ್ಬರ ಹೆಸರು ಹಿಡೆಯೊ ತೊಮೊನಾಗ. ಈ ಹೆಸರು ನೆನಪಿಟ್ಕೊಳ್ಳಿ.

ಬರ್ಲಿನ್‌ನಲ್ಲಿ 1940ರ ಸೆಪ್ಟೆಂಬರ್ 27ರಂದು ಜರ್ಮನಿ, ಇಟಲಿ, ಜಪಾನ್ ಒಪ್ಪಂದಕ್ಕೆ ಸಹಿ ಹಾಕಿದವು. ಜರ್ಮನಿಗೆ ರಬ್ಬರ್, ತವರ, ಟಂಗ್‌ಸ್ಟನ್, ಕ್ವಿನೈನ್ ಬೇಕಿತ್ತು. ಟಂಗ್‌ಸ್ಟನ್ ಇಲ್ಲದೆ ಉಕ್ಕು ಕತ್ತರಿಸೋ ಉಪಕರಣ ಮಾಡೋದು ಕಷ್ಟ. ಜಪಾನಿಗೆ ಬೇಕಾಗಿದ್ದು ರಾಡಾರ್, ಎಂಜಿನ್ ನಕ್ಷೆ, ಮಸೂರದ ಗಾಜು, ಪಾದರಸ. ಒಬ್ಬರ ಹತ್ತಿರ ಇಲ್ಲದ್ದು ಇನ್ನೊಬ್ಬರ ಹತ್ತಿರ ಇತ್ತು. ಇದಕ್ಕಿಂತ ಒಳ್ಳೆ ಜೋಡಿ ಬೇಕಾ?

ಆದರೆ ನಡುವೆ ದಾರಿ?

ಮೊದಲು ರಷ್ಯಾದ ರೈಲು ಮಾರ್ಗ ಇತ್ತು. 1941ರ ಜೂನ್‌ನಲ್ಲಿ ಹಿಟ್ಲರ್ ರಷ್ಯಾದ ಮೇಲೆ ದಾಳಿ ಮಾಡಿ ತನ್ನ ಕೈಯಾರೆ ಅದನ್ನು ಮುಚ್ಚಿಕೊಂಡ. ಆಮೇಲೆ ಹಡಗುಗಳು ಕದ್ದುಮುಚ್ಚಿ ಓಡಾಡಿದವು. 1944ರ ಆರಂಭದ ಹೊತ್ತಿಗೆ ಅವೂ ಮುಳುಗಿ ಮುಗಿದಿದ್ದವು. ಉಳಿದದ್ದು ಸಬ್‌ಮರೀನ್ ಒಂದೇ.

ಜಪಾನಿನಿಂದ ಈ ಕೆಲಸಕ್ಕೆ ಹೊರಟ ಐದರ ಗತಿ ನೋಡಿ:

▪️ ಐ-30: ಫ್ರಾನ್ಸ್ ಮುಟ್ಟಿತು. ವಾಪಸ್ ಬರುವಾಗ 1942ರ ಅಕ್ಟೋಬರ್‌ನಲ್ಲಿ ಸಿಂಗಾಪುರದ ಬಾಗಿಲಲ್ಲೇ ಮೈನ್ ತಾಗಿ ಮುಳುಗಿತು. ಕೈಗೆ ಬಂದ ತುತ್ತು ಬಾಯಿಗೆ ಬರಲಿಲ್ಲ.
▪️ ಐ-8: ಹೋಗಿ ಸುರಕ್ಷಿತವಾಗಿ ಮನೆಗೆ ಬಂತು. ಹಾಗೆ ಬಂದದ್ದು ಇದೊಂದೇ.
▪️ ಐ-34: ಪೆನಾಂಗ್ ಹತ್ತಿರವೇ ಬ್ರಿಟಿಷ್ ಸಬ್‌ಮರೀನ್‌ಗೆ ಬಲಿ.
▪️ ಐ-29: ಹೌದು, ನೇತಾಜಿ ಹತ್ತಿದ್ದೇ. ಜೆಟ್ ಎಂಜಿನ್ ಮಾಹಿತಿ ಹೊತ್ತು ಫ್ರಾನ್ಸಿನಿಂದ ಸಿಂಗಾಪುರದವರೆಗೆ ಬಂತು. ಜಪಾನಿಗೆ ಹೊರಟಾಗ 1944ರ ಜುಲೈ 26ರಂದು ಅಮೆರಿಕದ ಸಬ್‌ಮರೀನ್ ಮುಳುಗಿಸಿತು. ಅಧಿಕಾರಿಯೊಬ್ಬರು ಒಂದಷ್ಟು ಕಾಗದಪತ್ರ ಹಿಡಿದು ಸಿಂಗಾಪುರದಿಂದ ವಿಮಾನ ಹತ್ತಿದ್ದರಿಂದ ಅಷ್ಟು ಮಾತ್ರ ಉಳಿಯಿತು.
▪️ ಐ-52: 1944ರ ಜೂನ್‌ನಲ್ಲಿ ಅಟ್ಲಾಂಟಿಕ್‌ನಲ್ಲಿ ಮುಳುಗಿತು. ಒಳಗಿದ್ದ ನೂರಕ್ಕೂ ಹೆಚ್ಚು ಜನರಲ್ಲಿ ಒಬ್ಬರೂ ಉಳಿಯಲಿಲ್ಲ.

ಈ ಐ-52ರ ಲೆಕ್ಕ ಕೇಳಿ. 228 ಟನ್ ತವರ, ಟಂಗ್‌ಸ್ಟನ್ ಮತ್ತು ಮಾಲಿಬ್ಡಿನಮ್. 54 ಟನ್ ರಬ್ಬರ್. 3 ಟನ್ ಕ್ವಿನೈನ್. 2 ಟನ್ ಚಿನ್ನ. ಎಲ್ಲಾ ಸೇರಿಸಿದರೂ ನಮ್ಮ ಇವತ್ತಿನ ಗೂಡ್ಸ್ ರೈಲಿನ ಐದಾರು ವ್ಯಾಗನ್ ತುಂಬುತ್ತೆ, ಅಷ್ಟೇ. ಎದುರಾಳಿ ಅಮೆರಿಕದ ಒಂದು ಲಿಬರ್ಟಿ ಹಡಗು ಸುಮಾರು 10,000 ಟನ್ ಹೊರುತ್ತಿತ್ತು. ಅಂಥ ಹಡಗುಗಳನ್ನ ಅವರು ಕಟ್ಟಿದ್ದು 2,700ಕ್ಕೂ ಹೆಚ್ಚು!

ಇನ್ನೂ ಒಂದು ಮಾತು. ಆ ಚಿನ್ನ ಯಾಕೆ ಹೋಗ್ತಿತ್ತು? ಗೆಳೆಯ ದೇಶದಿಂದ ತರೋ ವಸ್ತುವಿಗೆ, ಕಲಿಯೋ ವಿದ್ಯೆಗೆ ಬೆಲೆ ಕಟ್ಟೋದಕ್ಕೆ. ಅಮೆರಿಕ ತನ್ನ ಕಡೆಯವರಿಗೆ ದುಡ್ಡು ಆಮೇಲೆ ನೋಡೋಣ ಅಂತ ಸಾಮಾನು ಕಳಿಸ್ತಿದ್ದಾಗ, ಇಲ್ಲಿ ಸಮುದ್ರದ ಮಧ್ಯೆಯೂ ನಗದು ವ್ಯವಹಾರ.

ನನ್ನ ಅಭಿಪ್ರಾಯ ಇಷ್ಟು: ಸರಕು ಸಾಗಿಸೋಕೆ ದಾರಿ ಇಲ್ಲದ ಮೈತ್ರಿ ಬರೀ ಕಾಗದ. ಆ ಕಾಗದವನ್ನು ನಿಜ ಅಂತ ತೋರಿಸೋಕೆ ಹೋಗಿ ಸಾಯೋರು ಸಹಿ ಹಾಕಿದವರಲ್ಲ, ಕಬ್ಬಿಣದ ಕೊಳವೆಯೊಳಗೆ ತಿಂಗಳುಗಟ್ಟಲೆ ಉಸಿರು ಬಿಗಿಹಿಡಿದು ಕೂತವರು. ಐ-52 ಎಲ್ಲಿದೆ ಅಂತ ಶತ್ರುಗಳಿಗೆ ಮೊದಲೇ ಗೊತ್ತಿತ್ತು, ಯಾಕಂದ್ರೆ ಗುಪ್ತ ಸಂದೇಶಗಳನ್ನ ಅವರು ಓದ್ತಾ ಇದ್ರು. ಒಳಗಿದ್ದವರಿಗೆ ಮಾತ್ರ ಅದು ಗೊತ್ತಿರಲಿಲ್ಲ.

ಈಗ ತೊಮೊನಾಗ ವಿಷಯಕ್ಕೆ ಬರ್ತೀನಿ. 1945ರ ಏಪ್ರಿಲ್‌ನಲ್ಲಿ ಅವರು ಯು-234ರಲ್ಲಿ ಜಪಾನಿಗೆ ಹೊರಟರು. ಬಿಡಿಬಿಡಿಯಾಗಿ ಕಳಚಿದ ಜೆಟ್ ವಿಮಾನ, 560 ಕೆ.ಜಿ. ಯುರೇನಿಯಂ ಆಕ್ಸೈಡ್ ಅದರಲ್ಲಿತ್ತು. ದಾರಿಮಧ್ಯದಲ್ಲೇ ಜರ್ಮನಿ ಸೋತಿತು. ಕ್ಯಾಪ್ಟನ್ ಅಮೆರಿಕಕ್ಕೆ ಶರಣಾಗಲು ನಿರ್ಧರಿಸಿದ. ತೊಮೊನಾಗ ಮತ್ತು ಜೊತೆಗಿದ್ದ ಇನ್ನೊಬ್ಬ ಜಪಾನೀ ಅಧಿಕಾರಿ ಸೆರೆ ಸಿಗಲು ಒಪ್ಪದೆ ಅಲ್ಲೇ ಪ್ರಾಣ ಬಿಟ್ಟರು. ಅವರನ್ನು ಸಮುದ್ರಕ್ಕೆ ಒಪ್ಪಿಸಲಾಯಿತು.

ನೇತಾಜಿ ಬಂದ ದಾರಿ ನಮಗೆ ನೆನಪಿದೆ. ಅದೇ ದಿನ ಎದುರು ದಿಕ್ಕಿಗೆ ದಾಟಿದವನ ದಾರಿ ಹೀಗೆ ಮುಗೀತು.

ಮುಂದಿನ ಸಲ ಇಬ್ಬರು ನಾಯಕರು ಕೈಕುಲುಕೋ ಫೋಟೋ ನಿಮ್ಮ ಫೀಡ್‌ಗೆ ಬಂದಾಗ ಒಂದೇ ಒಂದು ಪ್ರಶ್ನೆ ಕೇಳಿ: ಇವರ ನಡುವೆ ಹಡಗು ಹೋಗೋ ದಾರಿ ಯಾವುದು, ಅದನ್ನ ಕಾಯೋರು ಯಾರು?

ಒಪ್ಪೋದಿಲ್ಲ ಅಂದ್ರೂ ಪರವಾಗಿಲ್ಲ, ಕಾಮೆಂಟ್‌ನಲ್ಲಿ ಬರೀರಿ. ಜಗಳ ಆಡೋಣ. 🙏

#ಯುದ್ಧದಸರಕು #ಇತಿಹಾಸ #ಕನ್ನಡ