ಅಂಗಳದ ಲೈಟು ಆರಿಸೋಣ, ಆಕಾಶ ನೋಡೋಣ

ದಾಂಡೇಲಿ, ಹಳಿಯಾಳ, ಜೊಯಿಡಾ, ಮುಂಡಗೋಡದ ಬಂಧುಗಳೇ,

ಕೋಗಿಲಬನದ ಕಾಳಿ ದಂಡೆಯಿಂದ ನಿಮ್ಮಲ್ಲಿ ಒಂದು ಮನವಿ. ಮಳೆ ಸರಿದು ಚಳಿ ಬಿದ್ದಿದೆ. ಮಳೆಗಾಲದಲ್ಲಿ ತಿಂಗಳುಗಟ್ಟಲೆ ಮೋಡದ ಮರೆಯಲ್ಲಿದ್ದ ಆಕಾಶ ಈಗ ತೆರೆದಿದೆ. ಈ ಚಳಿಗಾಲ ಮುಗಿಯುವ ತನಕ ಹೊರಗಿನ ಲೈಟುಗಳಿಗೆ ಕೊಂಚ ಬಿಡುವು ಕೊಡಿ, ಮನೆಮಂದಿಯೆಲ್ಲ ಅಂಗಳಕ್ಕೆ ಬಂದು ಮೇಲೆ ನೋಡಿ.

ಚಂದ್ರನಿಂದಲೇ ಶುರು ಮಾಡಿ. ಅದಕ್ಕೆ ಹುಣ್ಣಿಮೆಗಿಂತ ಶುಕ್ಲಪಕ್ಷದ ಸಪ್ತಮಿ, ಅಷ್ಟಮಿ ಒಳ್ಳೆಯದು. ಹುಣ್ಣಿಮೆಯಂದು ಚಂದ್ರನ ಮೇಲೆ ಬಿಸಿಲು ನೆಟ್ಟಗೆ ಬೀಳುವುದರಿಂದ ನಮಗೆ ನೆರಳು ಕಾಣುವುದಿಲ್ಲ, ಎಲ್ಲವೂ ಸಪಾಟು. ಅಷ್ಟಮಿಯಂದು ಬೆಳಕು ಮತ್ತು ಕತ್ತಲೆ ಕೂಡುವ ಗೆರೆಯಲ್ಲಿ ಕುಳಿಗಳ ಅಂಚು ಹೊಳೆಯುತ್ತದೆ, ತಳ ಕಪ್ಪಗಿರುತ್ತದೆ. ಮಂಗಟ್ಟೆ ಹಕ್ಕಿ ನೋಡಲು ಬರುವವರ ಕೊರಳಲ್ಲಿರುವಂಥ 8×42 ಬೈನಾಕ್ಯುಲರ್ ಸಾಕು. ಮೊಣಕೈ ಎರಡನ್ನೂ ಜಗುಲಿಕಟ್ಟೆಗೆ ಊರಿ ಹಿಡಿಯಿರಿ, ಅಲುಗುವುದಿಲ್ಲ. ಅಷ್ಟಮಿಯ ಚಂದ್ರ ಸಂಜೆಗೆ ನೆತ್ತಿಯ ಮೇಲಿದ್ದು ನಡುರಾತ್ರಿಯ ಹೊತ್ತಿಗೆ ಮುಳುಗುತ್ತಾನೆ. ಹೀಗಾಗಿ ಹೊಳೆಯಿಂದ ಮಂಜು ಏಳುವ ಮೊದಲೇ ಮಕ್ಕಳು ನೋಡಿ ಮಲಗಬಹುದು.

ಅದೇ ಬೈನಾಕ್ಯುಲರನ್ನು ಗುರುವಿನ ಕಡೆ ತಿರುಗಿಸಿ. ಪಕ್ಕದಲ್ಲೇ ಒಂದು ಸಾಲಿನಲ್ಲಿ ಸಣ್ಣ ಚುಕ್ಕೆಗಳು ಕಾಣುತ್ತವೆ. 1610ರ ಜನವರಿ 7ರಂದು ಗೆಲಿಲಿಯೊ ಅವುಗಳಲ್ಲಿ ಮೂರನ್ನು ಕಂಡ. ಒಂದು ವಾರದೊಳಗೆ ನಾಲ್ಕನೆಯದೂ ಸಿಕ್ಕಿತು. ದಿನವೂ ಅವು ಜಾಗ ಬದಲಿಸುವುದನ್ನು ಗಮನಿಸಿಯೇ ಅವು ಗುರುವನ್ನು ಸುತ್ತುತ್ತಿವೆ ಎಂದು ಅವನು ತಿಳಿದದ್ದು. ನಿಮ್ಮ ಮಗಳು ನಾಲ್ಕು ರಾತ್ರಿ ನೋಟ್‌ಬುಕ್ಕಿನಲ್ಲಿ ಚುಕ್ಕೆ ಇಟ್ಟರೆ ಅದೇ ಮಾತನ್ನು ತಾನೇ ಕಂಡುಕೊಳ್ಳುತ್ತಾಳೆ. ಶನಿಯ ಬಳೆಗೆ ಮಾತ್ರ ಸಣ್ಣದೊಂದು ಟೆಲಿಸ್ಕೋಪ್ ಬೇಕು.

ಸೂರ್ಯನ ವಿಷಯದಲ್ಲಿ ಕೈಮುಗಿದು ಕೇಳುತ್ತೇನೆ: ಬರಿಗಣ್ಣಿನಲ್ಲಿ, ಎಕ್ಸ್‌ರೇ ಫಿಲ್ಮಿನಲ್ಲಿ, ಮಸಿ ಹಿಡಿಸಿದ ಗಾಜಿನಲ್ಲಿ ನೋಡಲೇಬೇಡಿ. ಬೈನಾಕ್ಯುಲರಿನಲ್ಲಿ ನೋಡಿದರಂತೂ ಕಣ್ಣು ಕ್ಷಣದಲ್ಲಿ ಹೋಗುತ್ತದೆ. ಸುಲಭದ ದಾರಿಯೊಂದಿದೆ. ಮುಖ ನೋಡುವ ಕನ್ನಡಿಗೆ ಕಾಗದ ಹೊದಿಸಿ, ನಡುವೆ ಅರ್ಧ ಸೆಂಟಿಮೀಟರಿನ ತೂತು ಬಿಡಿ. ಅಂಗಳದ ಬಿಸಿಲಿನಲ್ಲಿಟ್ಟು ಕತ್ತಲ ಕೋಣೆಯ ಗೋಡೆಗೆ ಬೆಳಕು ಹಾಯಿಸಿ. ಹತ್ತು ಮೀಟರ್ ದೂರದ ಗೋಡೆಯ ಮೇಲೆ ಸುಮಾರು ಒಂಬತ್ತು ಸೆಂಟಿಮೀಟರ್ ಅಗಲದ ಸೂರ್ಯ ಮೂಡುತ್ತಾನೆ. ಇಡೀ ತರಗತಿ ಒಟ್ಟಿಗೆ ನೋಡಬಹುದು; ಕನ್ನಡಿಯ ಬೆಳಕು ಯಾರ ಕಣ್ಣಿಗೂ ಬೀಳದಂತೆ ನೋಡಿಕೊಂಡರಾಯಿತು.

1980ರ ಫೆಬ್ರವರಿ 16ರ ಶನಿವಾರ ಮಧ್ಯಾಹ್ನ ಖಗ್ರಾಸ ಸೂರ್ಯಗ್ರಹಣದ ನೆರಳು ಅಂಕೋಲೆಯ ಕಡೆಯಿಂದ ಹೊಕ್ಕು ನಮ್ಮ ಜಿಲ್ಲೆಯನ್ನು ಹಾದು ಹುಬ್ಬಳ್ಳಿ, ರಾಯಚೂರುಗಳತ್ತ ಸಾಗಿತು. ವಿಜ್ಞಾನಿಗಳು ರಾಯಚೂರು ಜಿಲ್ಲೆಯ ಜವಳಗೇರಾದಲ್ಲಿ ಬೀಡುಬಿಟ್ಟು ಕಾದರು. ನಮ್ಮ ಹಿರಿಯರಲ್ಲಿ ಎಷ್ಟೋ ಮಂದಿ ಅಂಜಿ ಬಾಗಿಲು ಹಾಕಿಕೊಂಡು ಒಳಗೇ ಕುಳಿತರು. ಮನೆಯ ಮೇಲೆಯೇ ಹಾದುಹೋದದ್ದು ಅವರಿಗೆ ತಪ್ಪಿಹೋಯಿತು. 2031ರ ಮೇ 21ರಂದು ಕಂಕಣ ಗ್ರಹಣ ಕೇರಳ, ತಮಿಳುನಾಡಿನ ಮೇಲೆ ಸಾಗಲಿದೆ. ನಮ್ಮಲ್ಲಿ ಅದು ಪಾರ್ಶ್ವ ಗ್ರಹಣ. ಆ ದಿನ ಪ್ರತಿ ಶಾಲೆಯ ಗೋಡೆಯ ಮೇಲೂ ಕನ್ನಡಿಯ ಸೂರ್ಯ ಬೀಳಬೇಕು. ಅಭ್ಯಾಸ ಈ ಚಳಿಗಾಲದಿಂದಲೇ ಆಗಲಿ.

ಇನ್ನು ಕತ್ತಲೆಯ ಮಾತು. ಕಣ್ಣು ಕತ್ತಲೆಗೆ ಪೂರ್ತಿ ಹೊಂದಿಕೊಳ್ಳಲು ಅರ್ಧ ಗಂಟೆಯಾದರೂ ಬೇಕು. ಒಂದು ಫ್ಲಡ್‌ಲೈಟ್ ಅದನ್ನು ಒಂದೇ ಚಣದಲ್ಲಿ ಕೆಡಿಸುತ್ತದೆ. ಚಂದ್ರ, ಗುರು ಪೇಟೆಯಲ್ಲೂ ಕಾಣುತ್ತಾರೆ ನಿಜ, ಆದರೆ ಕೃತ್ತಿಕೆಯ ಗೊಂಚಲಿಗೆ, ಆಕಾಶಗಂಗೆಗೆ ಕತ್ತಲೆಯೇ ಬೇಕು. ಮಹಾರಾಷ್ಟ್ರದ ಪೆಂಚ್ ಹುಲಿ ಸಂರಕ್ಷಿತ ಪ್ರದೇಶಕ್ಕೆ 2024ರಲ್ಲಿ ಡಾರ್ಕ್ ಸ್ಕೈ ಪಾರ್ಕ್ ಎಂಬ ಮನ್ನಣೆ ಸಿಕ್ಕಿದೆ. ಲಡಾಖಿನ ಹಾನ್ಲೆಯಲ್ಲಿ ಊರಿನವರೇ ಟೆಲಿಸ್ಕೋಪ್ ಹಿಡಿದು ಪ್ರವಾಸಿಗರಿಗೆ ಆಕಾಶ ತೋರಿಸಿ ನಾಲ್ಕು ಕಾಸು ಸಂಪಾದಿಸುತ್ತಿದ್ದಾರೆ. ಕಾಳಿ ಹುಲಿ ಸಂರಕ್ಷಿತ ಪ್ರದೇಶದ ಮಗ್ಗುಲಲ್ಲಿರುವ ನಮಗೂ ಇದು ಆಗದ ಕೆಲಸವಲ್ಲ.

ಆದ್ದರಿಂದ ನನ್ನ ಬೇಡಿಕೆಗಳು ಇಷ್ಟೇ:

ರೆಸಾರ್ಟ್, ಹೋಂಸ್ಟೇ ನಡೆಸುವವರೇ, ಹೊಳೆಗೂ ಕಾಡಿಗೂ ಮುಖ ಮಾಡಿದ ಫ್ಲಡ್‌ಲೈಟುಗಳನ್ನು ತೆಗೆಸಿ. ಬೇಕಾದ ಕಡೆ ನೆಲಕ್ಕಷ್ಟೇ ಬೀಳುವ ಹಳದಿ ಬಲ್ಬು ಹಾಕಿ, ರಾತ್ರಿ ಹತ್ತರ ನಂತರ ಅದನ್ನೂ ಆರಿಸಿ.

ಗ್ರಾಮ ಪಂಚಾಯ್ತಿ, ನಗರಸಭೆಯ ಸದಸ್ಯರೇ, ಹೊಸ ಬೀದಿದೀಪ ಹಾಕಿಸುವಾಗ ಮೇಲೆ ಮುಚ್ಚಿಗೆ ಇರುವಂಥದ್ದನ್ನೇ ಕೇಳಿ ಪಡೆಯಿರಿ.

ಗುರುಗಳೇ, ತಿಂಗಳಿಗೊಂದು ಸಂಜೆ ಶಾಲೆಯ ಬಯಲಿನಲ್ಲಿ ಮಕ್ಕಳಿಗೆ ಚಂದ್ರನನ್ನು ತೋರಿಸಿ.

ಪಾಲಕರೇ, ಕತ್ತಲೆ ಬೇಕೆಂದು ಯಾರೂ ರಾತ್ರಿ ಕಾಡಿಗೆ ಹೋಗುವುದು ಬೇಡ. ಆನೆ, ಚಿರತೆ ಓಡಾಡುವ ಸೀಮೆ ಇದು. ಅಂಗಳವೇ ಸಾಕು.

ಮುಂದಿನ ಶುಕ್ಲಪಕ್ಷದ ಅಷ್ಟಮಿಯ ಸಂಜೆ ಏಳು ಗಂಟೆಗೆ ನಿಮ್ಮ ಓಣಿಯ ಹತ್ತು ಮನೆಯವರು ಮಾತಾಡಿಕೊಂಡು ಒಂದೇ ಒಂದು ಗಂಟೆ ಹೊರಗಿನ ಲೈಟು ಬಂದ್ ಮಾಡಿ. ಬೈನಾಕ್ಯುಲರ್ ಇದ್ದವರು ಇಲ್ಲದವರ ಕೈಗೆ ಕೊಡಿ. ಸರ್ಕಾರದ ಆದೇಶಕ್ಕೆ ಕಾಯದೆ, ಒಂದು ಪೈಸೆ ಖರ್ಚಿಲ್ಲದೆ ನಾವೇ ಮಾಡಬಹುದಾದ ಕೆಲಸ ಇದು. ದಯವಿಟ್ಟು ಮಾಡಿ.